ಅಳಿಯನ ಗೇಮ್ ಸರ್ವರ್, ನನ್ನ ಸತ್ತ ಹಾರ್ಡ್ ಡಿಸ್ಕ್

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಫೋನ್ ಮಾಡಿದ. ಡಿಪ್ಲೊಮಾ ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷದ ಹುಡುಗ.

"ಮಾಮಾ, ನಮ್ಮ ಸರ್ವರ್ ಭಾಳ ಜಗ್ಗಾಕತ್ತೈತಿ. ಹೊಸಾ ಹಾರ್ಡ್ ಡಿಸ್ಕ್ ಹಾಕಬೇಕು. ಯಾವುದು ತಗೊಳ್ಳೋದು ಹೇಳು."

ಮನೆತನದಲ್ಲಿ ಕಂಪ್ಯೂಟರ್ ಬಗ್ಗೆ ಕೇಳಬೇಕೆಂದರೆ ನನ್ನನ್ನೇ ಕೇಳುತ್ತಾರೆ. ಹದಿನಾಲ್ಕು ವರ್ಷದಿಂದ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ತಿರುಗುತ್ತಿದ್ದೇನೆ, ಅದಕ್ಕೆ. ಆದರೆ ಹಾರ್ಡ್ ಡಿಸ್ಕ್ ವಿಷಯದಲ್ಲಿ ಸಲಹೆ ಕೊಡುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ನನಗಿತ್ತು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಸರ್ವರ್ ಅಂದರೆ ದೊಡ್ಡದೇನಲ್ಲ. ಅವರಪ್ಪ ಅಂಗಡಿ ಬಿಲ್ಲಿಂಗಿಗೆ ಇಟ್ಟುಕೊಂಡಿದ್ದ ಹಳೆಯ ಡೆಸ್ಕ್‌ಟಾಪ್. ನಾಲ್ಕನೇ ಜನರೇಷನ್ನಿನ ಐ5, 8 ಜಿಬಿ ರ‍್ಯಾಮ್, 500 ಜಿಬಿಯ ಹಾರ್ಡ್ ಡಿಸ್ಕ್. ಅದರ ಮೇಲೆ ಮೈನ್‌ಕ್ರಾಫ್ಟ್ ಆಟ ನಡೆಸುತ್ತಾನೆ. ಆರು ಮಂದಿ ಗೆಳೆಯರು ತಮ್ಮ ತಮ್ಮ ಮನೆಯಿಂದ ಸೇರುತ್ತಾರೆ. ಯಂತ್ರಕ್ಕೆ ಬೇರೆ ಕೆಲಸ ಇಲ್ಲ, ಇದೊಂದೇ. ಅದಕ್ಕೇ 'ಡೆಡಿಕೇಟೆಡ್ ಸರ್ವರ್' ಅನ್ನುವುದು.

ನೋಡಿಕೊಂಡು ಬರೋಣವೆಂದು ಗದಗಿಗೆ ಹೋದೆ. ಆಟ ಅಂದರೆ ಹೊಡೆದಾಟ ಇರಬಹುದು ಎಂದುಕೊಂಡಿದ್ದೆ. ಪರದೆಯ ಮೇಲೆ ನೋಡಿದರೆ ಲಕ್ಕುಂಡಿ! ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯನ್ನು ಆರು ಹುಡುಗರು ಕೂಡಿ ಕಲ್ಲು ಕಲ್ಲಾಗಿ ಕಟ್ಟಿದ್ದರು. ಈ ಆಟದಲ್ಲಿ ಒಂದು ಇಟ್ಟಿಗೆ ಅಂದರೆ ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ. ಅಷ್ಟು ದೊಡ್ಡ ಇಟ್ಟಿಗೆಯಲ್ಲಿ ಮೆಟ್ಟಿಲಿನ ಸಣ್ಣ ಗೂಡುಗಳು ಹಿಡಿಯುವುದಿಲ್ಲವೆಂದು ಇಡೀ ಬಾವಿಯನ್ನೇ ನಾಲ್ಕು ಪಟ್ಟು ಹಿಗ್ಗಿಸಿ ಕಟ್ಟಿದ್ದಾರೆ. ರವಿವಾರ ಬೈಕಿನಲ್ಲಿ ಹೋಗಿ, ಟೇಪು ಹಿಡಿದು, ನೋಟ್‌ಬುಕ್ಕಿನಲ್ಲಿ ಅಳತೆ ಬರೆದುಕೊಂಡು ಬಂದಿದ್ದರಂತೆ. ಏಳು ತಿಂಗಳ ಕೆಲಸ. ಲಕ್ಕುಂಡಿ ಮೇಲೆ ನಾನು ಬರೆದ ಯಾವ ವರದಿಗೂ ಇಷ್ಟು ಓಡಾಡಿಲ್ಲ.

ಸರಿ, ಜಗ್ಗುವ ವಿಷಯಕ್ಕೆ ಬರೋಣ. ನಮ್ಮ ಕಸುಬಿನ ಪ್ರಶ್ನೆಯನ್ನೇ ಕೇಳಿದೆ: "ಯಾವಾಗ ಜಗ್ಗತೈತಿ?"

ಎರಡು ಹೊತ್ತಿನಲ್ಲಿ ಎಂದ. ಒಂದು, ಯಾರಾದರೂ ಜೋರಾಗಿ ಓಡಾಡುತ್ತ ಊರಿನ ಬೇರೆ ಬೇರೆ ಮೂಲೆಗೆ ಹೋದಾಗ. ಇನ್ನೊಂದು, ಎಲ್ಲರೂ ಸುಮ್ಮನೆ ನಿಂತಿದ್ದರೂ ಸುಮಾರು ಐದು ನಿಮಿಷಕ್ಕೊಮ್ಮೆ. ಆಗ 'ಕಾಂಟ್ ಕೀಪ್ ಅಪ್' ಎಂಬ ಸಾಲು ಸರ್ವರಿನ ಕಪ್ಪು ಕಿಟಕಿಯಲ್ಲಿ ಬರುತ್ತದೆ.

ಐದು ನಿಮಿಷ ಅಂದಾಗ ಹಾದಿ ಸಿಕ್ಕಿತು. ಈ ಸರ್ವರ್ ಐದು ನಿಮಿಷಕ್ಕೊಮ್ಮೆ ಬದಲಾದದ್ದನ್ನೆಲ್ಲ ಡಿಸ್ಕಿಗೆ ಬರೆದಿಡುತ್ತದೆ. ಉಳಿದ ಹೊತ್ತು ಆಟ ನಡೆಯುವುದು ಹೆಚ್ಚಾಗಿ ರ‍್ಯಾಮಿನಲ್ಲಿ. ಡಿಸ್ಕಿಗೆ ಕೆಲಸ ಬೀಳುವುದು ಬರೆಯುವಾಗ ಮತ್ತು ಹೊಸ ಜಾಗದ ತುಣುಕುಗಳನ್ನು ತರುವಾಗ. ಆ ತುಣುಕುಗಳು ಡಿಸ್ಕಿನಲ್ಲಿ ಸಾಲಾಗಿ ಇರುವುದಿಲ್ಲ, ಚೆಲ್ಲಾಪಿಲ್ಲಿ ಇರುತ್ತವೆ.

ಹಳೆಯ ಹಾರ್ಡ್ ಡಿಸ್ಕನ್ನು ರೆಕಾರ್ಡ್ ರೂಮಿನ ಗುಮಾಸ್ತರಂತೆ ತಿಳಿದುಕೊಳ್ಳಿ. ಒಂದೇ ಕಪಾಟಿನಿಂದ ಸಾಲಾಗಿ ಫೈಲು ತೆಗೆದುಕೊಡಿ ಅಂದರೆ ಸರಸರ ಕೊಡುತ್ತಾರೆ. ಒಂದು ಫೈಲು ಇಲ್ಲಿ, ಇನ್ನೊಂದು ಅಟ್ಟದ ಮೇಲೆ, ಮತ್ತೊಂದು ಹಿಂದಿನ ಕೋಣೆಯಲ್ಲಿ ಅಂದರೆ ಪ್ರತಿ ಸಲವೂ ಎದ್ದು ಹೋಗಬೇಕು. 7200 ಆರ್‌ಪಿಎಂ ಅಂದರೆ ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದರ ಜತೆಗೆ ಸೂಜಿ ಹೊತ್ತ ತೋಳು ಸರಿಯುವ ಹೊತ್ತು. ಎರಡೂ ಸೇರಿ ಹೆಚ್ಚುಕಡಿಮೆ 12 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಎಂಬತ್ತು ಫೈಲು. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಸಲ ಲೋಕದ ಲೆಕ್ಕ ಹಾಕುತ್ತದೆ, ಒಂದೊಂದಕ್ಕೆ 50 ಮಿಲಿಸೆಕೆಂಡ್. ಗುಮಾಸ್ತರು ನಾಲ್ಕು ಸಲ ಎದ್ದು ಕೂತರೆ ಒಂದು ಲೆಕ್ಕದ ಹೊತ್ತೇ ಮುಗಿಯಿತು.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ. ಯಾವ ಮೂಲೆಯ ಫೈಲಾದರೂ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಕೈಗೆ ಬರುತ್ತದೆ. ಇಷ್ಟು ತಿಳಿದ ಮೇಲೆ ಯಾವುದು ಬೇಕು ಎಂಬುದರಲ್ಲಿ ಚರ್ಚೆ ಉಳಿಯಲಿಲ್ಲ. ಚರ್ಚೆ ಶುರುವಾಗಿದ್ದು ಅಂಗಡಿಯಲ್ಲಿ.

ನಮ್ಮ ಕಡೆ ಕಂಪ್ಯೂಟರ್ ಅಂಗಡಿಗಳು ಈಗ ಬದುಕಿರುವುದು ಸಿಸಿಟಿವಿ ವ್ಯಾಪಾರದ ಮೇಲೆ. ಅಂಗಡಿಯವರು ಮೊದಲು ತೆಗೆದಿದ್ದು ಸಿಸಿಟಿವಿ ಡಿಸ್ಕನ್ನೇ. "ಇದು ದಿನದ ಇಪ್ಪತ್ನಾಕು ತಾಸು ನಡೀತೈತಿ ಸರ್, ಸರ್ವರಿಗೆ ಇದs ಬೆಸ್ಟ್" ಅಂದರು. ಅರ್ಧ ಸತ್ಯ. ಅದು ಹಗಲೂ ರಾತ್ರಿ ಓಡುವುದಕ್ಕೇ ಮಾಡಿದ್ದು ಹೌದು. ಆದರೆ ಹತ್ತಾರು ಕ್ಯಾಮೆರಾದಿಂದ ಬರುವ ವಿಡಿಯೋವನ್ನು ಸಾಲಾಗಿ ಬರೆದುಕೊಳ್ಳುತ್ತ ಹೋಗುವ ಕೆಲಸಕ್ಕೆ. ಚೆಲ್ಲಾಪಿಲ್ಲಿ ಹುಡುಕುವ ಕೆಲಸದಲ್ಲಿ ಅದೂ ಅದೇ ಗುಮಾಸ್ತರೇ.

ಎರಡನೆಯದು ಅಗ್ಗದ 2 ಟಿಬಿ ಡಿಸ್ಕ್. ಅದರ ಮಾಡೆಲ್ ನಂಬರ್ ಹುಡುಕಿದರೆ ಎಸ್‌ಎಂಆರ್ ಮಾದರಿ. ಮನೆಗೆ ಹಂಚು ಹೊದಿಸಿದ ಹಾಗೆ ಇದರಲ್ಲಿ ದಾಖಲೆಯ ಸಾಲುಗಳನ್ನು ಒಂದರ ಅಂಚಿನ ಮೇಲೊಂದು ಹೊದಿಸಿರುತ್ತಾರೆ. ಜಾಗ ಉಳಿಯುತ್ತದೆ. ಆದರೆ ನಡುವಿನ ಒಂದು ಹಂಚು ಬದಲಿಸಬೇಕೆಂದರೆ ಪಕ್ಕದವನ್ನೂ ಎತ್ತಿ ಮತ್ತೆ ಹೊದಿಸಬೇಕು. ಒಮ್ಮೆ ತುಂಬಿಸಿ ಇಡುವುದಕ್ಕೆ ಅಡ್ಡಿಯಿಲ್ಲ, ಪದೇ ಪದೇ ತಿದ್ದಿ ಬರೆಯುವ ಸರ್ವರಿಗೆ ಬೇಡ. ಕಂಪನಿಗಳು ಕೆಲವು ಡಿಸ್ಕುಗಳನ್ನು ಹೀಗೆಂದು ಹೇಳದೆಯೇ ಮಾರುತ್ತಿದ್ದವೆಂದು 2020ರಲ್ಲಿ ಬಯಲಿಗೆ ಎಳೆದವರು ಪತ್ರಕರ್ತರು ಎಂಬುದನ್ನು ಅಳಿಯನಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಮೂರನೆಯದು ಅರ್ಧ ಬೆಲೆಯ ಡಿಸ್ಕ್, "ಹೊಸಾದಿದ್ದಂಗ ಐತಿ". ಕಂಪ್ಯೂಟರಿಗೆ ಹಾಕಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದೆವು. ಓಡಿದ ತಾಸು ಮೂವತ್ತೊಂದು ಸಾವಿರ. ಅಂದರೆ ಮೂರೂವರೆ ವರ್ಷ ಬಿಡುವಿಲ್ಲದೆ ದುಡಿದು ಬಂದ ಎತ್ತು. ಈ ತಾಸಿನ ಲೆಕ್ಕವನ್ನೂ ಅಳಿಸಿ ಹಳೆಯ ಡಿಸ್ಕನ್ನು ಹೊಸದೆಂದು ಮಾರಿದ ಪ್ರಕರಣಗಳನ್ನು 2025ರ ಆರಂಭದಲ್ಲಿ ಜರ್ಮನಿಯ ಹೈಸೆ ಸುದ್ದಿಸಂಸ್ಥೆ ವರದಿ ಮಾಡಿತ್ತು. ಹಾಗಾಗಿ ತಾಸು ಕಡಿಮೆ ತೋರಿಸಿದರೂ ಬಿಲ್ಲು, ವಾರಂಟಿ ಎರಡನ್ನೂ ಕೇಳಿ ಪಡೆಯುವುದು ಒಳ್ಳೆಯದು.

ಕೊನೆಗೆ 250 ಜಿಬಿಯ ಸಾಟಾ ಎಸ್‌ಎಸ್‌ಡಿಗೆ ಬಂದೆವು. ಇನ್ನೂ ವೇಗದ ಎನ್‌ವಿಎಂಇ ಬೇಕೆಂದು ಅಳಿಯನ ಆಸೆ. ಅವನ ಹಳೆಯ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಇದ್ದರೂ ಆರು ಮಂದಿಯ ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತಿರಲಿಲ್ಲ. ಇಡೀ ಲಕ್ಕುಂಡಿ ಲೋಕದ ಗಾತ್ರ 3 ಜಿಬಿ ಮಾತ್ರ.

"ಎಸ್‌ಎಸ್‌ಡಿ ಬರದೂ ಬರದೂ ಸವೀತೈತಿ ಅಂತಾರಲ್ಲ ಮಾಮಾ?" ಎಂದು ಕೇಳಿದ. ಸವೆಯುತ್ತದೆ. ಎಷ್ಟು ಬರೆಯುವವರೆಗೆ ವಾರಂಟಿ ಎಂದು ಕಂಪನಿಯವರೇ ಮಾಹಿತಿ ಹಾಳೆಯಲ್ಲಿ ಹಾಕಿರುತ್ತಾರೆ. ನಾವು ನೋಡಿದ ಡ್ರೈವಿಗೆ 150 ಟಿಬಿ. ದಿನಕ್ಕೆ 20 ಜಿಬಿ ಬರೆದರೂ 7,500 ದಿನ, ಇಪ್ಪತ್ತು ವರ್ಷ. ಅಷ್ಟೊತ್ತಿಗೆ ಅವನಿಗೇ ಮಕ್ಕಳಾಗಿರುತ್ತವೆ.

ಬಿಲ್ ಮಾಡಿಸುವ ಹೊತ್ತಿಗೆ ಅವನೊಂದು ಮಾತು ಹೇಳಿದ. "ಇನ್ನ ಚಿಂತಿಲ್ಲ ಬಿಡು ಮಾಮಾ, ಎಸ್‌ಎಸ್‌ಡಿ ಅಂದ್ರ ಹಾಳಾಗಂಗಿಲ್ಲ."

ನಾನು ಬಿಲ್ ನಿಲ್ಲಿಸಿ, ಹೊರಗೆ ಚಹಾದಂಗಡಿಗೆ ಕರೆದುಕೊಂಡು ಹೋಗಿ ನನ್ನ ಕಥೆ ಹೇಳಿದೆ. ಇಲ್ಲಿ ಬರೆಯುವ ಕೆಲವರಿಗೆ ಅರ್ಧಂಬರ್ಧ ಗೊತ್ತಿದೆ. ಪೂರ್ತಿ ಯಾರಿಗೂ ಹೇಳಿರಲಿಲ್ಲ.

2019ರ ಆಗಸ್ಟ್. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು, ತುಂಬಿ ಬಂದ ಬೆಣ್ಣೆಹಳ್ಳ ಎರಡೂ ಸೇರಿ ಮಲಪ್ರಭೆ ದಂಡೆಯ ನರಗುಂದ, ರೋಣ ತಾಲ್ಲೂಕಿನ ಊರುಗಳು ನೀರಿನಲ್ಲಿ ನಿಂತಿದ್ದವು. ಎಂಟು ದಿನ ನಾನು ಮನೆ ಕಡೆ ಹೋಗಿರಲಿಲ್ಲ. ಟ್ರ್ಯಾಕ್ಟರ್ ಮೇಲೆ, ದೋಣಿಯಲ್ಲಿ, ಎಲ್ಲಿ ಬಿಟ್ಟರೆ ಅಲ್ಲಿ ಇಳಿದು ಶೂಟ್ ಮಾಡಿದೆ. ಚಾನೆಲ್ಲಿಗೆ ಕಳಿಸುತ್ತಿದ್ದುದು ಒಂದೊಂದು ನಿಮಿಷದ ತುಣುಕು. ಉಳಿದದ್ದೆಲ್ಲ 1 ಟಿಬಿಯ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ. ಕಾರ್ಡ್ ಖಾಲಿ ಮಾಡಬೇಕಿತ್ತು, ಅದರಲ್ಲಿ ಹಾಕಿದೆ, ಬ್ಯಾಗಿಗೆ ಸೇರಿಸಿದೆ.

ಒಂದೂರಿನಲ್ಲಿ ನೀರು ಇಳಿದ ಮೂರನೇ ದಿನ ಒಬ್ಬ ಅಜ್ಜಿಯ ಮನೆ ಬಿದ್ದಿತು. ಮಣ್ಣಿನ ಮಾಳಿಗೆ ಮನೆ. ನೀರಿನಲ್ಲಿ ನಿಂತಾಗ ತಡೆದ ಗೋಡೆ, ಬಿಸಿಲು ಬಿದ್ದು ಒಣಗುವಾಗ ಕುಸಿಯಿತು. ನಾನು ಎದುರಿಗೇ ಇದ್ದೆ. ಗೋಡೆ ಬಾಗಿದ್ದು, ಮಾಳಿಗೆ ಕೂತಿದ್ದು, ದೂಳು ಎದ್ದಿದ್ದು, ಆಮೇಲೆ ಆ ಅಜ್ಜಿ ಬಂದು ಬಾಗಿಲ ಚೌಕಟ್ಟು ಮುಟ್ಟಿದ್ದು, ಎಲ್ಲ ರೆಕಾರ್ಡ್ ಆಗಿತ್ತು.

ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದು ನಿಮಗೆ ನೆನಪಿರಬಹುದು. ಎ ಅಂದರೆ ಪೂರ್ತಿ ಬಿದ್ದದ್ದು, 5 ಲಕ್ಷ. ಸಿ ಅಂದರೆ ಅಲ್ಪಸ್ವಲ್ಪ ಹಾನಿ, ಸಾವಿರಗಳ ಲೆಕ್ಕ. ಸಮೀಕ್ಷೆಗೆ ಬಂದವರು ಅಜ್ಜಿಯ ಮನೆಯನ್ನು ನೋಡಿದ್ದು ಅದು ಬೀಳುವ ಮೊದಲು. ಪಟ್ಟಿಯಲ್ಲಿ ಸಿ ಎಂದು ಸೇರಿತು. ಅರ್ಜಿ ಕೊಟ್ಟರು, ಓಡಾಡಿದರು. ಕೊನೆಗೆ ಯಾರೋ ಹೇಳಿದರಂತೆ, ಬಿದ್ದ ದಿನದ ಫೋಟೋ, ವಿಡಿಯೋ ಇದ್ದರೆ ತನ್ನಿ, ನೋಡೋಣ ಎಂದು. ಅವರಿಗೆ ನನ್ನ ನೆನಪಾಯಿತು. 2021ರ ಸಂಕ್ರಾಂತಿ ಮುಗಿದ ವಾರ ಮೊಮ್ಮಗನ ಜತೆ ಬಸ್ಸಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು.

"ತಮ್ಮಾ, ನೀ ಅವತ್ತ ತಗದೀಯಲ್ಲ, ಅದು ಐತೇನಪಾ?"

"ಐತಿ ಯವ್ವಾ, ಇರದ ಎಲ್ಲಿ ಹೋಗತೈತಿ" ಅಂದೆ. ಅವರಿಗೆ ಚಹಾ ಕೊಟ್ಟು, ಡಿಸ್ಕ್ ತಂದು ಲ್ಯಾಪ್‌ಟಾಪಿಗೆ ಹಚ್ಚಿದೆ. ಟಕ್, ಟಕ್, ಟಕ್. ಮತ್ತೆ ತೆಗೆದು ಹಚ್ಚಿದೆ. ಟಕ್, ಟಕ್. ಅದೇ ಸದ್ದು. ಎರಡು ತಿಂಗಳ ಹಿಂದೆ ಬೈಕಿನಿಂದ ಬ್ಯಾಗ್ ಬಿದ್ದಿತ್ತು. ಅವತ್ತು ಕ್ಯಾಮೆರಾ ನೋಡಿ ಸಮಾಧಾನ ಪಟ್ಟುಕೊಂಡಿದ್ದೆ, ಡಿಸ್ಕ್ ನೋಡಿರಲಿಲ್ಲ.

ಹುಬ್ಬಳ್ಳಿಯಲ್ಲಿ ತೋರಿಸಿದೆ. ಒಳಗಿನ ತೋಳು ಹೋಗಿದೆ, ಬೆಂಗಳೂರಿಗೆ ಕಳಿಸಬೇಕು, ಇಪ್ಪತ್ತು ಸಾವಿರದ ಮೇಲೆ ಆಗುತ್ತದೆ, ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ ಅಂದರು. ಆಗ ನನಗೆ ಒಂದು ಸುದ್ದಿಗೆ ಸಿಗುತ್ತಿದ್ದುದು 250 ರೂಪಾಯಿ, ಅದೂ ನಾಲ್ಕು ತಿಂಗಳು ಬಾಕಿ. ಚಾನೆಲ್ಲಿನ ಡೆಸ್ಕಿಗೆ ಫೋನ್ ಮಾಡಿದರೆ ಜಿಲ್ಲೆಗಳಿಂದ ಬಂದ ಹಳೆಯ ವಿಡಿಯೋ ಇಟ್ಟುಕೊಳ್ಳುವುದಿಲ್ಲ ಅಂದರು. ಕೊನೆಗೆ ಒಬ್ಬ ಸಹೋದ್ಯೋಗಿಯ ಫೋನಿನಲ್ಲಿ ನಾನೇ ಅವತ್ತು ಗ್ರೂಪಿಗೆ ಹಾಕಿದ್ದ 22 ಸೆಕೆಂಡಿನ ತುಣುಕು ಸಿಕ್ಕಿತು. ವಾಟ್ಸ್‌ಆ್ಯಪಿನಲ್ಲಿ ಹಾದು ಬಂದ ವಿಡಿಯೋದಲ್ಲಿ ತೆಗೆದ ದಿನ, ಹೊತ್ತಿನ ಮೂಲ ಗುರುತು ಉಳಿದಿರುವುದಿಲ್ಲ. ಇದು ಯಾವ ದಿನದ್ದು, ಯಾರ ಮನೆ ಎಂದು ಕಚೇರಿಯಲ್ಲಿ ಕೇಳಿದರು. ಅಜ್ಜಿಯ ಮನೆ ಸಿ ವರ್ಗದಲ್ಲೇ ಉಳಿಯಿತು.

ಅಜ್ಜಿ ನನ್ನನ್ನು ಬಯ್ಯಲಿಲ್ಲ. "ಯಂತ್ರ ಕೆಟ್ಟರ ನೀ ಏನ್ ಮಾಡ್ತೀಯಪಾ" ಅಂದರು. ಆದರೆ ಕೆಟ್ಟದ್ದು ಯಂತ್ರ ಒಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಡಿಸ್ಕ್ ಕೊಳ್ಳುವಾಗ ನಾನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಟಿಬಿ, ಎಷ್ಟು ರೂಪಾಯಿ. ಇದು ಸತ್ತ ದಿನ ನನ್ನ ಹತ್ತಿರ ಏನು ಉಳಿದಿರುತ್ತದೆ ಎಂದು ಕೇಳಿಕೊಳ್ಳಲೇ ಇಲ್ಲ.

ಚಹಾದಂಗಡಿಯಲ್ಲಿ ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾರ ಎರಡು ಎಸ್‌ಎಸ್‌ಡಿ ಹಾಕಿ ರೇಡ್ ಮಾಡೋಣು" ಅಂದ. ರೇಡ್ 1 ಅಂದರೆ ಎರಡು ಡಿಸ್ಕಿಗೂ ಒಟ್ಟಿಗೇ ಅದನ್ನೇ ಬರೆಯುವುದು, ಒಂದು ಸತ್ತರೆ ಇನ್ನೊಂದು ನಡೆಸುತ್ತದೆ.

"ನಾಳೆ ನಿಮ್ಮ ಗೆಳೆಯ ಒಬ್ಬಾವ ಸಿಟ್ಟಾಗಿ ಬಾವಿಗೆ ಟಿಎನ್‌ಟಿ ಇಟ್ಟ ಅಂತ ತಿಳಕೊ. ಎರಡೂ ಡಿಸ್ಕಿನ್ಯಾಗೂ ಬಾವಿ ಒಟ್ಟಿಗೇ ಹಾರತೈತಿ" ಅಂದೆ. ಒಂದು ಡಿಸ್ಕ್ ಸತ್ತರೂ ಆಟ ನಿಲ್ಲಬಾರದು ಎಂಬುದಕ್ಕೆ ರೇಡ್ ಒಳ್ಳೆಯದು. ನಿನ್ನೆಯ ಲೋಕ ಇವತ್ತು ವಾಪಸ್ ಬೇಕು ಎಂದರೆ ಬೇಕಾದದ್ದು ಬ್ಯಾಕಪ್. ಎರಡೂ ಬೇರೆ.

ಇದು ಹಳ್ಳಿ ಹುಡುಗರ ಹಳೆಯ ಕಂಪ್ಯೂಟರಿನ ಪಾಡು ಮಾತ್ರ ಎಂದು ತಿಳಿಯಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದಿತು. ಒಂದು ಕಟ್ಟಡ ಪೂರ್ತಿ ಸುಟ್ಟಿತು. 'ರಸ್ಟ್' ಎಂಬ ಜನಪ್ರಿಯ ಆಟದ 25 ಯುರೋಪ್ ಸರ್ವರುಗಳು ಅಲ್ಲಿದ್ದವು. ಆಟ ಮಾಡಿದ ಫೇಸ್‌ಪಂಚ್ ಸ್ಟುಡಿಯೋಸ್ ಡೇಟಾ ಮರಳಿ ಸಿಗುವುದಿಲ್ಲ ಎಂದು ಹೇಳಿಬಿಟ್ಟಿತು. ಅಲ್ಲಿ ಆಡುತ್ತಿದ್ದವರ ಮನೆ, ಕೋಟೆ ಎಲ್ಲ ಹೋಯಿತು. ಒಂದೇ ಕಟ್ಟಡದಲ್ಲಿ ಎಷ್ಟು ಒಳ್ಳೆಯ ಡಿಸ್ಕ್ ಇಟ್ಟರೂ ಬೆಂಕಿಗೆ ಲೆಕ್ಕವಿಲ್ಲ.

ಪೀಟರ್ ಕ್ರೋ ಎಂಬ ಅಮೆರಿಕದ ಫೋಟೋಗ್ರಾಫರ್ ಜನಪ್ರಿಯಗೊಳಿಸಿದ ಒಂದು ನಿಯಮವಿದೆ, 3-2-1. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಇಂಥ ನಿಯಮವನ್ನು ನಮ್ಮಂತೆಯೇ ಕ್ಯಾಮೆರಾ ಹಿಡಿದವನೊಬ್ಬ ಹೇಳಿದ್ದು ಯಾಕೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಒಳಗೆ ಹೋಗಿ ಬಿಲ್ ಬದಲಿಸಿದೆವು. 250 ಜಿಬಿ ಎಸ್‌ಎಸ್‌ಡಿ ಒಂದು, ಎರಡು ಸಾವಿರದ ಆಸುಪಾಸು. ಬ್ಯಾಕಪ್‌ಗೆ 1 ಟಿಬಿಯ ಸಾದಾ ಹಾರ್ಡ್ ಡಿಸ್ಕ್ ಒಂದು. ಇಲ್ಲಿ ವೇಗ ಬೇಡ, ರಾತ್ರಿ ಒಮ್ಮೆ ಸಾಲಾಗಿ ಬರೆದರೆ ಸಾಕು. ಗುಮಾಸ್ತರಿಗೆ ತಕ್ಕ ಕೆಲಸ. ಹಳೆಯ 500 ಜಿಬಿ ಡಿಸ್ಕನ್ನೇ ಬ್ಯಾಕಪ್‌ಗೆ ಇಟ್ಟುಕೊಳ್ಳೋಣ ಎಂದಿದ್ದ. ಪರೀಕ್ಷಿಸಿದರೆ 'ಪೆಂಡಿಂಗ್ ಸೆಕ್ಟರ್' ಎಂಬ ಸಾಲಿನಲ್ಲಿ ಸೊನ್ನೆಯ ಬದಲು 16 ಬಂತು. ಅಷ್ಟು ಜಾಗ ಓದಲು ಬರುತ್ತಿಲ್ಲ ಎಂದರ್ಥ. ಅದನ್ನು ಬಿಟ್ಟೆವು. ಉಳಿದ ದುಡ್ಡಿಗೆ ಒಂದು ಸಣ್ಣ ಯುಪಿಎಸ್. ನಮ್ಮಲ್ಲಿ ಕರೆಂಟ್ ಹೋಗುವುದು ಡಿಸ್ಕ್ ಬರೆಯುವ ಹೊತ್ತಿಗೇ. ಅರ್ಧ ಬರೆದ ಫೈಲಿನಿಂದ ಲೋಕವೇ ತೆರೆಯದ ಹಾಗೆ ಆಗಬಹುದು.

ಬ್ಯಾಕಪ್ ಮಾಡುವಾಗಲೂ ಒಂದು ಎಚ್ಚರ ಬೇಕು. ಸರ್ವರ್ ಬರೆಯುತ್ತಿರುವಾಗಲೇ ಫೈಲ್ ನಕಲು ಮಾಡಿದರೆ ಪ್ರತಿ ಅರ್ಧಂಬರ್ಧ ಬರುತ್ತದೆ. ಅದಕ್ಕೆ ಮೊದಲು 'ಸೇವ್ ಆಫ್' ಎಂದು ಬರೆಯುವುದನ್ನು ತಡೆದು, 'ಸೇವ್ ಆಲ್' ಎಂದು ಇದ್ದದ್ದನ್ನೆಲ್ಲ ಡಿಸ್ಕಿಗೆ ಇಳಿಸಿ, ನಕಲು ಮಾಡಿ, ಮತ್ತೆ 'ಸೇವ್ ಆನ್' ಹೇಳಬೇಕು. ಅಳಿಯ ಇದಕ್ಕೊಂದು ಸಣ್ಣ ಸ್ಕ್ರಿಪ್ಟ್ ಬರೆದ. ರಾತ್ರಿ ಒಂದಕ್ಕೆ ತಾನೇ ನಡೆಯುತ್ತದೆ, ಏಳು ದಿನದ ಪ್ರತಿಗಳು ಉಳಿಯುತ್ತವೆ. ವಾರಕ್ಕೊಂದು ಪ್ರತಿ ಗೂಗಲ್ ಡ್ರೈವಿನ ಉಚಿತ 15 ಜಿಬಿಗೆ ಹೋಗುತ್ತದೆ.

ಎಲ್ಲ ಮುಗಿದ ಮೇಲೆ, "ಈಗ ಲೋಕ ಅಳಿಸು" ಅಂದೆ. ಅವನ ಮುಖ ಸಣ್ಣದಾಯಿತು. ಅಳಿಸುವುದು ಬೇಡ, ಫೋಲ್ಡರ್ ಬೇರೆ ಕಡೆ ಸರಿಸು, ಬ್ಯಾಕಪ್ಪಿನಿಂದ ತಂದು ತೋರಿಸು ಎಂದೆ. ಮೊದಲ ಸಲ ಬರಲಿಲ್ಲ. ಸ್ಕ್ರಿಪ್ಟಿನಲ್ಲಿ ಒಂದು ಫೋಲ್ಡರ್ ಬಿಟ್ಟುಹೋಗಿತ್ತು. ತಿದ್ದಿ, ಮತ್ತೆ ಬ್ಯಾಕಪ್ ತೆಗೆದು, ಮತ್ತೆ ತಂದ. ಬಾವಿ ಬಂತು. ಮರಳಿ ತಂದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ನಂಬಬಾರದು ಎಂದು ಅವತ್ತು ಇಬ್ಬರೂ ಕಲಿತೆವು.

ಐದು ನಿಮಿಷಕ್ಕೊಮ್ಮೆ ಜಗ್ಗುವುದು ನಿಂತಿತು. ಪೂರ್ತಿ ಸರಿಹೋಯಿತೆಂದು ಹೇಳಲಾರೆ. ಯಾರೂ ಕಾಲಿಡದ ಹೊಸ ಜಾಗಕ್ಕೆ ಹೋದರೆ ಈಗಲೂ ತಡವರಿಸುತ್ತದೆ. ಅಲ್ಲಿ ನೆಲ, ಗುಡ್ಡಗಳನ್ನು ಹೊಸದಾಗಿ ಲೆಕ್ಕ ಹಾಕಿ ಮಾಡಬೇಕು. ಅದು ಪ್ರೊಸೆಸರಿನ ಕೆಲಸ, ಡಿಸ್ಕ್ ಬದಲಿಸಿದರೆ ಆಗುವುದಲ್ಲ.

ಊರಿಗೆ ಬಂದು ನಾನೂ ಎರಡು ಸಾದಾ ಹಾರ್ಡ್ ಡಿಸ್ಕ್ ತರಿಸಿದೆ. ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದಕ್ಕೆ ಎಸ್‌ಎಸ್‌ಡಿಗಿಂತ ಇದೇ ಲೇಸು. ಕಾರ್ಡ್ ಖಾಲಿ ಮಾಡುವ ಮೊದಲು ಎರಡಕ್ಕೂ ಹಾಕುತ್ತೇನೆ. ಒಂದು ನನ್ನ ಮನೆಯಲ್ಲಿ, ಒಂದು ಗದಗಿನಲ್ಲಿ ಅಕ್ಕನ ಮನೆಯಲ್ಲಿ. ತಿಂಗಳಿಗೊಮ್ಮೆ ಅದಲುಬದಲು. ಫೋಲ್ಡರಿಗೆ ದಿನಾಂಕ, ಊರು ಬರೆದಿರುತ್ತೇನೆ. ಚಾನೆಲ್ ಇಟ್ಟುಕೊಳ್ಳುವುದಿಲ್ಲ, ಕಚೇರಿ ಇಟ್ಟುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಏನಾಯಿತು ಎಂಬುದಕ್ಕೆ ಎಷ್ಟೋ ಸಲ ಸ್ಟ್ರಿಂಜರಿನ ಬ್ಯಾಗೇ ದಾಖಲೆ ಕೋಣೆ.

ಆ ಸತ್ತ ಡಿಸ್ಕನ್ನು ಇನ್ನೂ ಎಸೆದಿಲ್ಲ. ಬೆಂಗಳೂರಿಗೆ ಕಳಿಸಲು ದುಡ್ಡು ಕೂಡಿಸುತ್ತಿದ್ದೇನೆ. ಅಷ್ಟರೊಳಗೆ ನಿಮ್ಮಲ್ಲಿ ಒಂದು ಕೋರಿಕೆ. 2019ರ ಆಗಸ್ಟ್ ಎರಡು, ಮೂರನೇ ವಾರದಲ್ಲಿ ಮಲಪ್ರಭೆ ದಂಡೆಯಲ್ಲಿ ಯಾರಾದರೂ ಶೂಟ್ ಮಾಡಿದ್ದರೆ, ಕ್ಯಾಮೆರಾದಿಂದ ನೇರ ಇಳಿಸಿದ ಮೂಲ ಫೈಲ್ ನಿಮ್ಮ ಹತ್ತಿರ ಇದ್ದರೆ, ನನಗೆ ತಿಳಿಸಿ. ಮತ್ತೆ ಅದನ್ನು ನನಗೆ ಕಳಿಸುವ ಮೊದಲು ದಯವಿಟ್ಟು ಇನ್ನೊಂದು ಕಡೆ ಒಂದು ಪ್ರತಿ ಮಾಡಿಟ್ಟುಕೊಳ್ಳಿ.